ಡಿಗ್ರಿ ಆಯಿತು, ಇನ್ನು ಯಾರನ್ನು ಕೇಳುವುದು?

ಫಲಿತಾಂಶದ ದಿನಗಳೆಂದರೆ ನಮ್ಮ ಕಡೆ ಒಂದು ಹಬ್ಬವೇ ಸರಿ. 2025ರ ದ್ವಿತೀಯ ಪಿಯುಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇಕಡಾ 93.90 ಫಲಿತಾಂಶ ಪಡೆದು ಇಡೀ ರಾಜ್ಯಕ್ಕೆ ಮೊದಲಾಯಿತು. ಅದಕ್ಕೆ ಹಿಂದಿನ ವರ್ಷ, 2024ರಲ್ಲಿ, ಎಸ್ಸೆಸ್ಸೆಲ್ಸಿಯಲ್ಲೂ ನಮ್ಮದೇ ಮೊದಲ ಸ್ಥಾನ. ಪೇಪರಿನಲ್ಲಿ ಮಕ್ಕಳ ಫೋಟೋ, ಶಾಲೆಯ ಗೇಟಿಗೆ ಬ್ಯಾನರು, ನೆರೆಮನೆಗೆಲ್ಲ ಪೇಡೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಮನೆಯ ಜಗಲಿ ಹತ್ತಿದರೂ ಕೇಳುವ ಪ್ರಶ್ನೆ ಒಂದೇ, "ಎಷ್ಟ್ ಬಂತ್?"

ಅದೇ ಮಗು ಮೂರು ವರ್ಷ ಕಳೆದು ಡಿಗ್ರಿ ಮುಗಿಸಿ ಮನೆಗೆ ಬಂದು ಕೂತಾಗ ಯಾರೂ ಪೇಡೆ ಹಂಚುವುದಿಲ್ಲ. ಆಗ ಕೇಳುವ ಪ್ರಶ್ನೆಯೂ ಬೇರೆ. ಗಂಡು ಮಗುವಾದರೆ "ಎಂತ ಮಾಡ್ಕಂಡಿದ್ದ?" ಹೆಣ್ಣಾದರೆ "ಎಲ್ಲಾದರೂ ನೋಡ್ತಿದ್ರಾ?" ನೋಡುವುದೆಂದರೆ ಕೆಲಸವಲ್ಲ, ವರ ಎಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಚೆನ್ನಾಗಿ ಓದುವ ಮಕ್ಕಳು ಓದು ಮುಗಿದ ಕೂಡಲೇ ಹೀಗೇಕೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾರೆ? ಈ ಲೇಖನ ಬರೆಯುತ್ತಿರುವ ನಾನು ಎಸ್ಸೆಸ್ಸೆಲ್ಸಿಗೇ ನಿಂತವಳು. ದೊಡ್ಡ ಕಾಲೇಜಿನ ವಿಚಾರ ಹೇಳುವ ಅಧಿಕಾರ ನನಗಿಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ಆದರೆ ನಾಲ್ಕು ಮನೆಯ ಮಕ್ಕಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಕಂಡದ್ದು ಇಷ್ಟೇ. ಅವರಿಗೆ ಕಮ್ಮಿಯಾದದ್ದು ಮಾರ್ಕಲ್ಲ, ಬುದ್ಧಿಯೂ ಅಲ್ಲ. ತಾವು ಹೋಗಬೇಕಾದ ದಾರಿಯಲ್ಲಿ ಆಗಲೇ ನಾಲ್ಕು ಹೆಜ್ಜೆ ಹೋಗಿರುವ ಒಬ್ಬ ಮನುಷ್ಯ, ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ, ಅವರಿಗೆ ಇರಲಿಲ್ಲ.

ತ್ರಾಸಿ ಕಡೆಯ ಒಂದು ಹುಡುಗಿಯ ಕತೆ ಕೇಳಿ. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುವವರು. ತಂದೆಗೆ ಬೋಟಿನ ಕೆಲಸ, ಮಳೆಗಾಲದಲ್ಲಿ ಅದೂ ಇಲ್ಲ. ಹುಡುಗಿ ಬಿ.ಕಾಂ. ಪಾಸಾದಳು, ಅರವತ್ತೆಂಟು ಶೇಕಡಾ. ಆ ಮನೆಯಲ್ಲಿ ಡಿಗ್ರಿ ಕಂಡದ್ದು ಅವಳೇ ಮೊದಲು. ಒಂದು ವರ್ಷ ಕಾಲ ಸೈಬರಿಗೆ ಹೋಗಿ ಸಿಕ್ಕಿದ ಅರ್ಜಿಗಳನ್ನೆಲ್ಲ ತುಂಬಿದಳು. ಬ್ಯಾಂಕು, ರೈಲ್ವೆ, ಪೋಸ್ಟಾಫೀಸು, ಪೊಲೀಸು ಎಲ್ಲದಕ್ಕೂ! ಪ್ರತಿ ಅರ್ಜಿಗೂ ಫೀಸು, ಪರೀಕ್ಷೆಗೆ ಮಂಗಳೂರಿನ ತನಕ ಬಸ್ಸಿನ ಖರ್ಚು. ಕೊನೆಗೆ ತಾಯಿಯೇ ಬಾಯಿಬಿಟ್ಟರು, "ಯಾರ ಹತ್ರ ಕೇಂಬುದ್ ಅಂದೇಳಿ ಗೊತ್ತಾತಿಲ್ಲ ಮಾರಾಯ್ತಿ. ಶಿರಸಿ ಕಡೆಯಿಂದ ಒಂದ್ ಸಂಬಂಧ ಬಂದಿತ್ತ್. ಹೂಂ ಅಂದ್ಬಿಡುದಾ?"

ಅಷ್ಟರಲ್ಲಿ ಆ ತಾಯಿಯ ಸ್ವಸಹಾಯ ಸಂಘದ ಲೆಕ್ಕ ನೋಡಲು ಕುಂದಾಪುರದ ಆಡಿಟರ ಆಫೀಸಿನಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತನಾಲ್ಕು ವಯಸ್ಸಿರಬಹುದು, ಚೂಡಿದಾರ, ಹೆಗಲಿಗೊಂದು ಬ್ಯಾಗು. ಚಹಾ ಕೊಡುವ ನೆವದಲ್ಲಿ ತಾಯಿ ಕೇಳಿದರು, "ನಮ್ಮ ಹೆಣ್ಣೂ ಬಿ.ಕಾಂ. ಮಾಡಿತ್ತ್. ನಿಮ್ಮಂಗೆ ಆಪುಕೆ ಎಂತ ಮಾಡ್ಕ್?" ಆ ಹುಡುಗಿ ಬ್ಯಾಗಿನಿಂದ ಒಂದು ಹಾಳೆ ತೆಗೆದು ಅಲ್ಲೇ ಬರೆದುಕೊಟ್ಟಳು. ಬಿ.ಕಾಂ.ನಲ್ಲಿ ಶೇಕಡಾ 55 ಇದ್ದರೆ ಸಿ.ಎ.ಗೆ ಮೊದಲನೆಯ ಫೌಂಡೇಶನ್ ಪರೀಕ್ಷೆ ಬರೆಯಬೇಕಾಗಿಲ್ಲ, ನೇರವಾಗಿ ಇಂಟರ್‌ಮೀಡಿಯಟ್‌ಗೆ ಹೆಸರು ನೋಂದಾಯಿಸಬಹುದು. ಬೇರೆ ಪದವಿಯವರಿಗಾದರೆ ಶೇಕಡಾ 60 ಬೇಕು. 2023ರಲ್ಲಿ ಬಂದ ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷವಿದ್ದದ್ದು ಎರಡಕ್ಕೆ ಇಳಿದಿದೆ, ಆ ಎರಡು ವರ್ಷ ತಿಂಗಳಿಗಿಷ್ಟು ಸ್ಟೈಪೆಂಡೂ ಸಿಗುತ್ತದೆ. ಈ ಮೂರೂ ವಿಷಯ ಒಂದು ವರ್ಷದಿಂದ ಮನೆಯಲ್ಲಿ ಕೂತಿದ್ದ ಹುಡುಗಿಗೆ ಗೊತ್ತಿರಲಿಲ್ಲ! ಗುಟ್ಟಿನ ವಿಷಯವೇನಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುವಂಥದ್ದೇ. ಆದರೆ ಏನೆಂದು ಹುಡುಕಬೇಕು ಎಂಬುದು ಗೊತ್ತಿದ್ದರೆ ತಾನೇ?

ಈಗ ಅವಳದ್ದು ಒಂದು ಗ್ರೂಪು ಪಾಸಾಗಿದೆ, ಇನ್ನೊಂದು ಬಾಕಿ. ಆಗುತ್ತದೋ ಇಲ್ಲವೋ ಯಾರಿಗೆ ಗೊತ್ತು, ಅದು ಸುಲಭದ ಪರೀಕ್ಷೆಯಲ್ಲ. ಶಿರಸಿಯ ಸಂಬಂಧ ಸದ್ಯಕ್ಕೆ ನಿಂತಿದೆ. ತಾಯಿಗೆ ಅದರ ಚಿಂತೆ ಇಲ್ಲವೆಂದಲ್ಲ. ಆದರೆ ಮಗಳು ಬೆಳಿಗ್ಗೆ ಐದಕ್ಕೆ ಏಳುತ್ತಾಳೆ, ಅದು ಯಾರೂ ಎಬ್ಬಿಸದೆ.

ಇಂಥ ದಾರಿ ತೋರುವವರನ್ನು ಈಗ ಎಲ್ಲ ಕಡೆ 'ಮೆಂಟರ್' ಎನ್ನುತ್ತಾರೆ. ಇದು ಗ್ರೀಕರ ಪುರಾಣಕಾವ್ಯ ಒಡಿಸ್ಸಿಯಿಂದ ಬಂದ ಹೆಸರು. ಒಡಿಸ್ಯೂಸ್ ಎಂಬ ರಾಜ ಯುದ್ಧಕ್ಕೆ ಹೋಗುವಾಗ ಮನೆಯನ್ನು ಮೆಂಟರ್ ಎಂಬ ಗೆಳೆಯನಿಗೆ ಒಪ್ಪಿಸಿ ಹೋದ. ವರ್ಷ ಇಪ್ಪತ್ತಾದರೂ ರಾಜ ಬರಲಿಲ್ಲ. ಮಗ ದಿಕ್ಕು ತೋಚದೆ ಕೂತಿದ್ದಾಗ ಅಥೀನಾ ಎಂಬ ದೇವತೆ ಆ ಮೆಂಟರನ ವೇಷ ಹಾಕಿಕೊಂಡು ಬಂದು, ಹಡಗು ಹೊಂದಿಸಿಕೊಟ್ಟು, ತಾನೂ ಜೊತೆಗೆ ಹತ್ತಿ, ತಂದೆಯ ಸುದ್ದಿ ಕೇಳಿ ಬರಲು ಹುಡುಗನನ್ನು ಹೊರಡಿಸಿದಳು. ಅಂದರೆ ಹೆಸರು ಗಂಡಸಿನದ್ದು, ವೇಷದೊಳಗೆ ಇದ್ದದ್ದು ಹೆಂಗಸು! ಬಯಲಾಟ ನೋಡಿ ಬೆಳೆದ ನಮಗೆ ಇದು ಹೊಸದೆನಿಸದು.

ಹೆಸರು ಹೊಸದಾದರೂ ಕೆಲಸ ನಮ್ಮ ಊರಿಗೆ ಹಳೆಯದೇ. ನಮ್ಮ ಕಡೆಯ ಹೋಟೆಲಿನವರ ಕತೆ ನೋಡಿ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ, ಯಜ್ಞನಾರಾಯಣ ಮಯ್ಯ ಎಂಬ ಮೂವರು ಅಣ್ಣತಮ್ಮಂದಿರು 1920ರ ಸುಮಾರಿಗೆ ಬೆಂಗಳೂರಿಗೆ ಹೋದರು. ಹೋದದ್ದು ದೊಡ್ಡವರ ಮನೆಗಳಲ್ಲಿ ಅಡುಗೆ, ಮನೆವಾರ್ತೆಯ ಕೆಲಸಕ್ಕೆ. ಪರಮೇಶ್ವರ ಮಯ್ಯರು ಕೆಲಸಕ್ಕಿದ್ದ ಮನೆಯ ಯಜಮಾನರು ಇವರ ಕೈರುಚಿ, ಕೆಲಸದ ಅಚ್ಚುಕಟ್ಟು ಕಂಡು ಸ್ವಂತದ್ದೊಂದು ಹೋಟೆಲು ತೆರೆಯಲು ನೆರವಾದರು. 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಕಾಫಿ, ಇಡ್ಲಿಯ ಆ ಚಿಕ್ಕ ಅಂಗಡಿ ಶುರುವಾಯಿತು. ಬ್ರಾಹ್ಮಿನ್ ಕಾಫಿ ಕ್ಲಬ್ ಎಂದಿದ್ದ ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂ.ಟಿ.ಆರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. ನಾವು ಇವತ್ತು ಮನೆಯಲ್ಲಿ ಮಾಡುವ ರವೆ ಇಡ್ಲಿಯ ಹಿಂದೆ, ಕೆಲಸದ ಹುಡುಗನ ಕೈಗುಣ ಗುರುತಿಸಿದ ಯಜಮಾನನೊಬ್ಬನಿದ್ದ!

ಮುಂಬಯಿಗೆ ಹೋದ ಹುಡುಗರದ್ದೂ ಹೀಗೆಯೇ. ಊರಿನ ಯಾರೋ ಮಾವ, ಯಾರೋ ದೊಡ್ಡಪ್ಪನ ಮಗ ಕೈಹಿಡಿದು ಕರಕೊಂಡು ಹೋಗುತ್ತಿದ್ದ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಪಾಸು ಮಾಡಿ ಬ್ಯಾಂಕು, ಆಫೀಸು ಸೇರಿದವರು ಎಷ್ಟೋ ಜನ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಮುಂಬಯಿಯಲ್ಲಿ ರಾತ್ರಿ ಶಾಲೆ ನಡೆಸಿದ್ದು ಇಂಥ ಹುಡುಗರಿಗಾಗಿಯೇ. ಯಾವ ಶಾಲೆಗೆ ಸೇರಬೇಕು, ಯಾವ ಧಣಿ ಪರೀಕ್ಷೆಯ ವಾರ ರಜೆ ಕೊಡುತ್ತಾನೆ, ಎಲ್ಲ ಹೇಳಲು ಮೊದಲೇ ಹೋದವನೊಬ್ಬ ಇರುತ್ತಿದ್ದ.

ಆದರೆ ಗಮನಿಸಿ, ಇದೆಲ್ಲ ಗಂಡು ಹುಡುಗರ ದಾರಿ. ಹೆಣ್ಣುಮಕ್ಕಳಿಗೆ ಇಂಥ ಒಬ್ಬ 'ಮೊದಲೇ ಹೋದವಳು' ಎಷ್ಟು ಮನೆಯಲ್ಲಿ ಇದ್ದಳು? ಈಗ ನಮ್ಮ ಹುಡುಗಿಯರು ಹುಡುಗರಿಗಿಂತ ಹೆಚ್ಚು ಮಾರ್ಕು ತೆಗೆಯುತ್ತಾರೆ, ಡಿಗ್ರಿಗೂ ಹೋಗುತ್ತಾರೆ. ಹೋಗಿ ಬಂದ ಮೇಲೆ ಸರ್ಟಿಫಿಕೇಟೇ ದಾರಿ ತೋರಿಸುತ್ತದೆಂದು ನಾವು ತಿಳಿದುಕೊಂಡಿದ್ದೇವೆ. ಸರ್ಟಿಫಿಕೇಟಿಗೆ ಬಾಯಿಲ್ಲ.

ನಮ್ಮ ಕುಂದಾಪುರದವರೇ ಆದ ವೈದೇಹಿಯವರ ವಿಷಯ ಎಷ್ಟೋ ಓದುಗರಿಗೆ ಗೊತ್ತಿರಬಹುದು. ಹುಟ್ಟಿದ್ದು 1945ರಲ್ಲಿ, ಹೆಸರು ಜಾನಕಿ. 1963ರಲ್ಲಿ ಆರಂಭವಾದ ನಮ್ಮ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಓದಿದವರು. ಇವರು 'ಸುಧಾ' ಪತ್ರಿಕೆಗೆ ಒಂದು ಕತೆ ಕಳಿಸಿ, ಆಮೇಲೆ ಅದು ನಿಜವಾಗಿ ನಡೆದ ಸಂಗತಿಯಾದ್ದರಿಂದ ಅಚ್ಚು ಮಾಡಬೇಡಿ ಎಂದು ಕೇಳಿಕೊಂಡರಂತೆ. ಸಂಪಾದಕರು ಕತೆಯನ್ನು ಬಿಡಲಿಲ್ಲ. ಬರೆದವರ ಹೆಸರನ್ನು ಮಾತ್ರ 'ವೈದೇಹಿ' ಎಂದು ಬದಲಿಸಿ ಅಚ್ಚು ಹಾಕಿದರು. ಹೆದರಿದ ಹುಡುಗಿಗೆ ಮರೆಯೂ ಸಿಕ್ಕಿತು, ಕತೆಗಾರ್ತಿ ಉಳಿದುಕೊಂಡಳು. 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಹೆಸರಿಗೇ. ಕೇಳಿಕೊಂಡ ಮೇಲೂ ಅಚ್ಚು ಹಾಕಿದ್ದು ಸರಿಯೇ ಎಂದು ವಾದ ಮಾಡುವವರು ಮಾಡಬಹುದು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು, ದಾರಿ ತೋರುವವರು ಪಕ್ಕದ ಮನೆಯಲ್ಲೇ ಇರಬೇಕಾಗಿಲ್ಲ, ಒಂದು ಲಕೋಟೆಯಷ್ಟು ದೂರದಲ್ಲಿ ಇದ್ದರೂ ಸಾಕು ಎಂಬುದು.

ಕೆಲವು ವೃತ್ತಿಗಳಲ್ಲಿ ಗುರು ಮೊದಲೇ ಕೂತಿರುತ್ತಾನೆ. ವಕೀಲಿ ಓದಿದವರು ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿ ನಿಲ್ಲುತ್ತಾರೆ. ಡಾಕ್ಟರಿಗೆ ಹೌಸ್ ಸರ್ಜನ್ಸಿ, ಸಿ.ಎ.ಗೆ ಆರ್ಟಿಕಲ್‌ಶಿಪ್. ಯಕ್ಷಗಾನವಂತೂ ಪೂರ್ತಿ ಗುರುಮುಖದ ವಿದ್ಯೆ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಹೆಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮದ ಮಕ್ಕಳ ಮೇಳದಲ್ಲಿ ಶಾಲೆಗೆ ಹೋಗುವ ಮಕ್ಕಳು ಹೆಜ್ಜೆ, ಮಾತು, ಮುಖವರ್ಣಿಕೆ ಎಲ್ಲ ಕಲಿತದ್ದು ಪುಸ್ತಕದಿಂದಲ್ಲ. ಅಡುಗೆಯೂ ಹಾಗೆಯೇ ಅಲ್ಲವೇ? ನೀರುದೋಸೆಯ ಹಿಟ್ಟು ಎಷ್ಟು ತೆಳ್ಳಗಿರಬೇಕೆಂದು ಯಾವ ಪತ್ರಿಕೆಯಲ್ಲಿ ಬರೆದರೂ, ಅತ್ತೆಯೋ ಅಮ್ಮನೋ ಪಕ್ಕದಲ್ಲಿ ನಿಂತು "ಇನ್ನೊಂಚೂರು ನೀರು ಹಾಕು" ಎಂದ ಮೇಲೇ ನಮ್ಮ ಕೈಗೆ ಬಂದದ್ದು.

ತೊಂದರೆ ಇರುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದ ಮಕ್ಕಳಿಗೆ. ನಮ್ಮ ಊರುಗಳಲ್ಲಿ ಹೆಚ್ಚಿನವರು ಓದುವುದು ಅದನ್ನೇ, ಅಲ್ಲಿ ಗುರುವನ್ನು ತಾವೇ ಹುಡುಕಿಕೊಳ್ಳಬೇಕು. ನ್ಯಾಕ್ ಮಾನ್ಯತೆಗೆ ಹೋಗುವ ಕಾಲೇಜುಗಳಲ್ಲಿ ಇಷ್ಟು ಮಕ್ಕಳಿಗೆ ಒಬ್ಬರು ಎಂದು ಅಧ್ಯಾಪಕರನ್ನು ಮೆಂಟರ್ ಆಗಿ ನೇಮಿಸುವ ಪದ್ಧತಿ ಈಗ ಇದೆ. ಕೆಲವರು ಮನಸ್ಸಿಟ್ಟು ಮಾಡುತ್ತಾರೆ, ಕೆಲವು ಕಡೆ ಅದು ರಿಜಿಸ್ಟರಿನ ಸಹಿಗೆ ನಿಲ್ಲುತ್ತದೆ. ಮಗಳನ್ನು ಕೇಳಿ ನೋಡಿ, "ನಿನ್ನ ಮೆಂಟರು ಯಾರು?" ಹೆಸರು ಹೇಳಲು ತಡವರಿಸಿದರೆ ಉಳಿದದ್ದು ತಮಗೇ ಅರ್ಥವಾದೀತು.

ಹಾಗಾದರೆ ಯಾರನ್ನು ಹುಡುಕುವುದು? ಇಲ್ಲಿ ನಮ್ಮವರಿಗೆ ಒಂದು ಹಳೆಯ ಚಾಳಿ ಇದೆ. ಕೆಲಸದ ಮಾತು ಬಂದ ಕೂಡಲೇ 'ವಶೀಲಿ' ಹುಡುಕುತ್ತೇವೆ. ಎಮ್ಮೆಲ್ಲೆಯ ಗುರುತಿನವರು, ಬ್ಯಾಂಕಿನ ದೊಡ್ಡ ಆಫೀಸರು, ಬೆಂಗಳೂರಿನ ಕಂಪೆನಿಯ ಯಾರೋ ಡೈರೆಕ್ಟರು. ಬಯೋಡೇಟಾ ಅವರ ಕೈಗೆ ಕೊಟ್ಟು "ನಮ್ಮ ಮಗುವಿಗೊಂದು ಕೆಲಸ ಮಾಡಿಸಿಕೊಡಿ" ಎಂದು ಕೈಮುಗಿದು ಬರುತ್ತೇವೆ. ಅವರು ಹೂಂ ಎನ್ನುತ್ತಾರೆ, ಬಯೋಡೇಟಾ ಮೇಜಿನ ಖಾನೆ ಸೇರುತ್ತದೆ. ಅವರ ತಪ್ಪೂ ಅಲ್ಲ. ಅವರು ಕೆಲಸಕ್ಕೆ ಸೇರಿ ಮೂವತ್ತು ವರ್ಷವಾಯಿತು, ಈಗ ಅರ್ಜಿ ಹಾಕುವುದು ಹೇಗೆಂದು ಅವರಿಗೂ ಗೊತ್ತಿರುವುದಿಲ್ಲ.

ದೊಡ್ಡವರಿಗಿಂತ, ನಮ್ಮ ಮಗುವಿಗಿಂತ ಎರಡು ಮೂರು ವರ್ಷ ಮುಂದೆ ಇರುವವರನ್ನು ಹುಡುಕಿ. ಅದೇ ಕಾಲೇಜಿನಿಂದ ಹೋಗಿ ಬ್ಯಾಂಕಿನ ಪರೀಕ್ಷೆ ಬರೆದು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು, ಬಿ.ಇಡಿ. ಮಾಡಿ ಹೊಸದಾಗಿ ಶಾಲೆಗೆ ಬಂದ ಟೀಚರು, ಮಣಿಪಾಲದಲ್ಲಿ ನರ್ಸಿಂಗ್ ಮುಗಿಸಿದ ಪಕ್ಕದೂರಿನ ಹುಡುಗಿ. ಇವರಿಗೆ ಪುಸ್ತಕದ ಹೆಸರು ನೆನಪಿರುತ್ತದೆ, ಎಷ್ಟು ಖರ್ಚಾಯಿತೆಂದು ನೆನಪಿರುತ್ತದೆ, ಎಲ್ಲಿ ಎಡವಿದೆವೆಂಬುದೂ ನೆನಪಿರುತ್ತದೆ. ವಶೀಲಿಯವರು ಬಾಗಿಲು ತೆಗೆಸಲು ನೋಡುತ್ತಾರೆ. ಇವರು ಬಾಗಿಲು ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ, ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು ಎಂಬುದನ್ನು ಹೇಳುತ್ತಾರೆ.

ಇಂಥವರನ್ನು ಹುಡುಕುವುದರಲ್ಲಿ ತಾಯಂದಿರಾದ ನಾವೇ ಮುಂದು ಎಂದು ನನ್ನ ನಂಬಿಕೆ. ಮಕ್ಕಳಿಗೆ ನಾಚಿಕೆ, ಗಂಡಸರಿಗೆ ಬಿಗುಮಾನ. ನಾವಾದರೋ ಮದುವೆಮನೆಯಲ್ಲಿ ಎಲೆಯ ಮುಂದೆ ಕೂತೇ ಇಡೀ ಕುಟುಂಬದ ವರ್ತಮಾನ ತಿಳಿದುಕೊಳ್ಳುವವರು! ಕೊಡಿಹಬ್ಬಕ್ಕೆ ಕೋಟೇಶ್ವರಕ್ಕೆ ಬಂದವರಲ್ಲಿ, ಊರಿನ ನೇಮ, ಜಾತ್ರೆಗೆಂದು ಬೆಂಗಳೂರು, ಮುಂಬಯಿಯಿಂದ ಬಂದವರಲ್ಲಿ ಒಂದು ಮಾತು ಕೇಳಿ. ಕೇಳುವಾಗ "ಕೆಲಸ ಉಂಟಾ?" ಎನ್ನಬೇಡಿ. "ನೀನು ಸೇರಿದ್ದು ಹೇಗೆ?" ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಜನ ತಪ್ಪಿಸಿಕೊಳ್ಳುತ್ತಾರೆ, ಎರಡನೆಯದಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ. ಕಾಲೇಜಿನ ಹಳೆ ವಿದ್ಯಾರ್ಥಿ ಸಂಘ, ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದಲು ಬರುವವರ ಗುಂಪು, ಸಂಘದ ಲೆಕ್ಕ ನೋಡುವವರು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರು, ಪಂಚಾಯತಿಯ ಪಿ.ಡಿ.ಓ., ಎಲ್ಲರೂ ಯಾವುದೋ ಒಂದು ಪರೀಕ್ಷೆ, ಒಂದು ಸಂದರ್ಶನ ದಾಟಿ ಬಂದವರೇ.

ಹೆಸರು ಸಿಕ್ಕಿದ ಮೇಲೆ ಮಾತಾಡಬೇಕಾದದ್ದು ಮಗು, ನಾವಲ್ಲ. ನಾವು ಫೋನು ಹಿಡಿದರೆ "ನಮ್ಮದು ಭಾರೀ ಪಾಪದ ಹೆಣ್ಣು, ಮಾತೇ ಆಡೂದಿಲ್ಲ" ಎಂದು ಶುರುಮಾಡಿ ಇದ್ದ ಮರ್ಯಾದೆಯನ್ನೂ ಕಳೆದುಬಿಡುತ್ತೇವೆ. ವಾಟ್ಸಾಪಿನಲ್ಲಿ ಹೀಗೊಂದು ನಾಲ್ಕು ಸಾಲು ಬರೆಯಲಿ:

"ನಮಸ್ತೆ ಅಕ್ಕ. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಊರು ನಾವುಂದ. ನಮ್ಮ ಕೆಮಿಸ್ಟ್ರಿ ಮೇಡಂ ನಿಮ್ಮ ನಂಬರು ಕೊಟ್ಟರು. ನೀವು ಔಷಧ ಕಂಪೆನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೀರೆಂದು ತಿಳಿಯಿತು. ಎಂ.ಎಸ್ಸಿ. ಮಾಡದೆ ಆ ಕೆಲಸಕ್ಕೆ ಸೇರಬಹುದೇ, ಸೇರಿದರೆ ಮುಂದೆ ತೊಂದರೆಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ನಿಮಗೆ ಬಿಡುವಾದಾಗ ಹತ್ತು ನಿಮಿಷ ಮಾತಾಡಬಹುದೇ? ನಾನೇ ಫೋನು ಮಾಡುತ್ತೇನೆ."

ನೋಡಿ, ಇದರಲ್ಲಿ ತಾನು ಯಾರು, ಯಾರು ಹೇಳಿದ್ದು, ಏನು ಬೇಕು, ಎಷ್ಟು ಹೊತ್ತು, ಎಲ್ಲ ಇದೆ. ಬರೇ "ಹಾಯ್ ಅಕ್ಕ, ಗೈಡ್ ಮಾಡಿ" ಎಂದರೆ ಅವರಾದರೂ ಏನು ಮಾಡಿಯಾರು? ಪ್ರಶ್ನೆ ಚಿಕ್ಕದಾಗಿದ್ದಷ್ಟು ಉತ್ತರ ಬೇಗ ಬರುತ್ತದೆ. ಹತ್ತು ದಿನ ಕಳೆದರೂ ಬಾರದಿದ್ದರೆ ಇನ್ನೊಮ್ಮೆ ಮರ್ಯಾದೆಯಿಂದ ನೆನಪಿಸಬಹುದು. ಆಮೇಲೂ ಇಲ್ಲವಾದರೆ ಮತ್ತೊಬ್ಬರನ್ನು ನೋಡುವುದು. ಅವರಿಗೆ ಏನು ತಾಪತ್ರಯವೋ, ಮುಖ ಊದಿಸಿಕೊಳ್ಳಬೇಕಾದ್ದಿಲ್ಲ.

ಅವರು ಹೇಳಿದ ಪುಸ್ತಕ ಓದಿದ ಮೇಲೆ, ಹೇಳಿದ ಪರೀಕ್ಷೆ ಬರೆದ ಮೇಲೆ, ಪಾಸೋ ಫೇಲೋ, ಅವರಿಗೆ ಒಂದು ಸುದ್ದಿ ಮುಟ್ಟಿಸಬೇಕು. ಇದನ್ನು ನಮ್ಮ ಮಕ್ಕಳು ಮಾಡುವುದೇ ಇಲ್ಲ. ಫೇಲಾದರೆ ನಾಚಿಕೆ, ಪಾಸಾದರೆ ಮರೆವು! ಬೇರೆಯವರ ಮಗುವಿಗೆಂದು ಹತ್ತು ನಿಮಿಷ ಕೊಟ್ಟವರಿಗೆ ಆ ಮಾತು ಏನಾಯಿತೆಂದು ತಿಳಿಯುವ ಆಸೆ ಇರುತ್ತದೆ. ಒಂದು ಸಲ ಸುದ್ದಿ ಹೇಳಿದ ಮಗುವಿಗೆ ಅವರು ಮುಂದಿನ ಸಲ ತಾವಾಗಿಯೇ ಫೋನು ಮಾಡುತ್ತಾರೆ. ಸಂಬಂಧ ಬೆಳೆಯುವುದೇ ಹಾಗೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ದಾರಿ ತೋರುವೆನೆಂದು ಬಂದವರೆಲ್ಲ ಒಳ್ಳೆಯವರೇ ಆಗಿರಬೇಕಾಗಿಲ್ಲ. ಸಲಹೆಗೆ ಹಣ ಕೇಳಿದರೆ, ಒಬ್ಬಳೇ ಬಾ ಎಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಮೆಸೇಜು ಹಾಕತೊಡಗಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡು ಕೊಟ್ಟು ಹೋಗು ಎಂದರೆ, ಅಲ್ಲಿಗೇ ನಿಲ್ಲಿಸಿ. ಮೊದಲ ಭೇಟಿ ಕಾಲೇಜಿನಲ್ಲೋ ಆಫೀಸಿನಲ್ಲೋ ನಾಲ್ಕು ಜನರ ಎದುರಿಗೇ ಆಗಲಿ. ಗಲ್ಫಿನ ಕೆಲಸದ ಮಾತಾದರೆ ಇನ್ನೂ ಎಚ್ಚರ ಬೇಕು. ವಿದೇಶಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯಿದೆಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಲು ಸಿಗುತ್ತದೆ. ಆದರೆ ಈ ಭಯದಿಂದ ಮಗಳನ್ನು ಯಾರ ಹತ್ತಿರವೂ ಮಾತಾಡದಂತೆ ಮಾಡಿದರೆ ಅದೂ ಅನ್ಯಾಯವೇ. ಸ್ಪೀಕರು ಹಾಕಿ ಅಡುಗೆಮನೆಯಲ್ಲೇ ಕೂತು ಮಾತಾಡಲಿ, ನಾವು ಬೆಂಡೆಕಾಯಿ ಹೆಚ್ಚುತ್ತಾ ಕೇಳಿಸಿಕೊಂಡರಾಯಿತು.

ಇನ್ನು ಬಸ್ಸಿನ ಖರ್ಚು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಊರಿಡೀ ಹೆಂಗಸರಿಗೆ ಬಸ್ಸು ಉಚಿತ ಎಂದು ಸಂಭ್ರಮಪಟ್ಟರು. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಿನದ್ದೆಲ್ಲ ಖಾಸಗಿ ಬಸ್ಸು, ಅಲ್ಲಿ ಟಿಕೆಟು ತೆಗೆಯಲೇಬೇಕು! ಹಾಗಾಗಿ ಮಣಿಪಾಲಕ್ಕೋ ಮಂಗಳೂರಿಗೋ ಯಾರನ್ನಾದರೂ ಕಾಣಲು ಹೋಗುವಾಗ ಎರಡು ಮೂರು ಕೆಲಸ ಒಟ್ಟು ಹಾಕಿಕೊಂಡು ಹೋದರೆ ಒಳ್ಳೆಯದು.

ಓದು ಅಷ್ಟಾಗಿ ಹಿಡಿಸದ, ಆದರೆ ಕೈಕೆಲಸದಲ್ಲಿ ಚುರುಕಾದ ಮಕ್ಕಳಿದ್ದರೆ ಬ್ರಹ್ಮಾವರದಲ್ಲೇ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆಯ ಶಾಖೆ ಇದು. ಊಟ ವಸತಿ ಸಹಿತ ಉಚಿತ ತರಬೇತಿ, 18ರಿಂದ 45 ವಯಸ್ಸಿನವರಿಗೆ. ಅಂದರೆ ನಮ್ಮಲ್ಲೂ ಕೆಲವರು ಇನ್ನೂ ಹೋಗಬಹುದು! ನನಗೆ ಅಲ್ಲಿಯ ಪದ್ಧತಿಯಲ್ಲಿ ಮೆಚ್ಚಿಗೆಯಾದದ್ದು, ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ಬೆನ್ನು ಬಿಡದಿರುವುದು. ಅಂಗಡಿ ಹಾಕಿದೆಯಾ, ಸಾಲ ಸಿಕ್ಕಿತಾ, ಗಿರಾಕಿ ಬರುತ್ತಾರಾ ಎಂದು ವಿಚಾರಿಸುತ್ತಾರೆ.

ಹಣದ ಅಡಚಣೆ ಇರುವ ಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಒಳ್ಳೆಯ ಕೆಲಸ ನಡೆದಿದೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗದವರು 2005ರಲ್ಲಿ ವಿದ್ಯಾಪೋಷಕ್ ಎಂಬ ಯೋಜನೆ ಆರಂಭಿಸಿದರು. ಬಡತನದಲ್ಲೂ ಚೆನ್ನಾಗಿ ಓದುವ ಪಿಯುಸಿ ಮಕ್ಕಳ ಮನೆಗೆ ಕಾರ್ಯಕರ್ತರೇ ಹೋಗಿ, ಮನೆಯ ಸ್ಥಿತಿ ಕಣ್ಣಾರೆ ಕಂಡು, ಆರಿಸುತ್ತಾರೆ. ವರ್ಷವರ್ಷ ಸಹಾಯಧನ, ಜೊತೆಗೆ ಶಿಬಿರಗಳು. ತೀರಾ ಕಷ್ಟದಲ್ಲಿದ್ದ ಮಕ್ಕಳಿಗೆ ದಾನಿಗಳ ನೆರವಿನಿಂದ ಮನೆಯನ್ನೇ ಕಟ್ಟಿಸಿಕೊಟ್ಟದ್ದೂ ಉಂಟು. ಹಾಗೆ ಓದಿ ಕೆಲಸಕ್ಕೆ ಸೇರಿದವರಲ್ಲಿ ಕೆಲವರು ಈಗ ತಾವೇ ಹಣ ಕೊಟ್ಟು ಬೇರೆ ಮಕ್ಕಳನ್ನು ಓದಿಸುತ್ತಿದ್ದಾರೆ.

ಪಡೆದದ್ದನ್ನು ನೆನಪಿಟ್ಟುಕೊಳ್ಳುವ ರೀತಿ ಒಬ್ಬೊಬ್ಬರದ್ದು ಒಂದೊಂದು. 'ಕೆ.ಜಿ.ಎಫ್.' ಸಿನೆಮಾಕ್ಕೆ ಸಂಗೀತ ಕೊಟ್ಟ ನಮ್ಮ ಬಸ್ರೂರಿನ ರವಿ ಬಸ್ರೂರು ಅವರ ಮೊದಲಿನ ಹೆಸರು ಕಿರಣ್. ಬೆಂಗಳೂರಿನಲ್ಲಿ ಕೈ ಖಾಲಿಯಾಗಿದ್ದ ದಿನಗಳಲ್ಲಿ ತನಗೆ ನೆರವಾದ ಒಬ್ಬರ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡೆ ಎಂದು ಅವರು ಹೇಳಿಕೊಂಡಿದ್ದಾರೆ. ಎಲ್ಲರೂ ಹೆಸರು ಬದಲಿಸಿಕೊಳ್ಳಬೇಕೆಂದು ನಾನೇನೂ ಹೇಳುವುದಿಲ್ಲ. ಅದಕ್ಕಿಂತ ಸುಲಭದ ದಾರಿ ಇದೆ.

ಈ ಪತ್ರಿಕೆ ಮನೆಯ ಡಿಗ್ರಿ ಓದಿದ ಹುಡುಗಿಯರ ಕೈಗೂ ಹೋಗುತ್ತದೆಂದು ನನಗೆ ಗೊತ್ತಿದೆ. ಅವರಿಗೊಂದು ಮಾತು. ನಿನಗೆ ಇನ್ನೂ ಕೆಲಸ ಸಿಕ್ಕಿಲ್ಲದಿರಬಹುದು, ಓದು ಮುಗಿದಿಲ್ಲದಿರಬಹುದು. ಆದರೂ ಹತ್ತನೇ ತರಗತಿಯ ಮಗುವಿಗೆ ನೀನು ಐದಾರು ವರ್ಷ ಮುಂದೆ ಹೋದವಳು. ಫೆಬ್ರವರಿಯಲ್ಲಿ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು, ನೀನು ಓದಿದ ಹೈಸ್ಕೂಲಿಗೆ ಒಂದು ಶನಿವಾರ ಹೋಗು. ಹೆಡ್ ಮಾಸ್ತರರ ಅಪ್ಪಣೆ ಕೇಳಿ ಅರ್ಧ ಗಂಟೆ ಮಕ್ಕಳ ಹತ್ತಿರ ಕೂತುಕೋ. ಭಾಷಣ ಬೇಡ. ಸೈನ್ಸ್ ತೆಗೆದುಕೊಂಡರೆ ಟ್ಯೂಶನ್ನಿಗೆ ಎಷ್ಟಾಯಿತು, ಕಾಮರ್ಸಿನಲ್ಲಿ ಲೆಕ್ಕ ಎಷ್ಟು ಕಷ್ಟ, ಯಾವ ಬಸ್ಸು ತಪ್ಪಿದರೆ ಫಸ್ಟ್ ಪೀರಿಯಡ್ಡೇ ಸಿಗುವುದಿಲ್ಲ, ಸ್ಕಾಲರ್‌ಶಿಪ್ಪಿಗೆ ಯಾವ ತಿಂಗಳಲ್ಲಿ ಅರ್ಜಿ ಹಾಕಿದೆ, ಜಾತಿ ಆದಾಯ ಪತ್ರಕ್ಕೆ ಎಷ್ಟು ದಿನ ಅಲೆದೆ, ಇದಿಷ್ಟು ಹೇಳು. ನಿನ್ನ ಮಾರ್ಕ್ಸ್ ಕಾರ್ಡನ್ನೂ ಹಿಡಿದುಕೊಂಡು ಹೋಗು, ಕಮ್ಮಿ ಬಂದ ಸಬ್ಜೆಕ್ಟನ್ನು ಮುಚ್ಚಬೇಡ. ಬರುವಾಗ ಬೋರ್ಡಿನ ಮೇಲೆ ನಿನ್ನದಾಗಲಿ ನಿನ್ನ ತಾಯಿಯದಾಗಲಿ ನಂಬರು ಬರೆದು, "ರಾತ್ರಿ ಎಂಟರ ಮೇಲೆ ಮಾಡಿ" ಎಂದು ಹೇಳಿ ಬಾ. ಹೆಚ್ಚಿನ ಮನೆಗಳಲ್ಲಿ ತಾಯಿಯ ಫೋನು ಮಕ್ಕಳ ಕೈಗೆ ಸಿಗುವುದು ಅಡುಗೆ ಮುಗಿದ ಆ ಹೊತ್ತಿಗೇ.